ಟೊಮೇಟೊ ಮಾತು

ಫೆಬ್ರವರಿ 9

ಪ್ರೀತಿಯ ಕಪ್ಪೆಮರಿಗೆ,

ನಿಮ್ಮಣ್ಣ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ, ಕೋಪ ಮಾಡಿಕೊಳ್ಳಬೇಡ. ನೀನೀಗ ಮಕ್ಕಳಿಗೆ ಈಜು ಕಲಿಸುವ ಟೀಚರಮ್ಮನಾದರೂ ಈ ಮನೆಯ ಮಟ್ಟಿಗೆ ಕಂಡ ಕಂಡ ನೀರಿಗೆ ಹಾರುತ್ತಿದ್ದ ಕಪ್ಪೆಮರಿಯೇ. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ನಮ್ಮ ಎರಡು ಕೋಣೆಯ ಮನೆಯಲ್ಲಿ ಫೋನ್ ಹಿಡಿದು ಎಲ್ಲಿ ನಿಂತರೂ ಮಾತು ನಿಮ್ಮಣ್ಣನ ಕಿವಿಗೆ ಬೀಳುತ್ತದೆ. ಇಲ್ಲಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬೆಳಗಿನ ಗಿರಾಕಿಗಳು ಹೋದ ಮೇಲೆ ಸ್ವಲ್ಪ ಬಿಡುವು. ತೂಗುಹಾಕಿದ ಕೋಟುಗಳ ನಡುವೆ ಸ್ಟೂಲು ಹಾಕಿಕೊಂಡು ಬರೆಯುತ್ತಿದ್ದೇನೆ. ನೀನೂ ಅಂಗಡಿಯ ವಿಳಾಸಕ್ಕೇ ಬರೆ.

ಇವರಿಗೆ ಮತ್ತೆ ಫಿಟ್ಸ್ ಬಂತು. ಈ ಸಲ ಅಡುಗೆಮನೆಯ ಬಾಗಿಲಲ್ಲಿ. ಮೈಯೆಲ್ಲ ಅದುರುತ್ತಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮಗಳು ಓದುತ್ತಿದ್ದವಳು ಎದ್ದು ಬಂದು ತಲೆಯಡಿಗೆ ದಿಂಬು ಕೊಟ್ಟು, ಪಕ್ಕದಲ್ಲಿದ್ದ ಕುರ್ಚಿ ಸರಿಸಿ, ಮತ್ತೆ ಹೋಗಿ ಓದಲು ಕೂತಳು. ಹದಿನೈದರ ಹುಡುಗಿಗೆ ಇದು ಹಲ್ಲುಜ್ಜಿದಷ್ಟು ಅಭ್ಯಾಸವಾಗಿಬಿಟ್ಟಿದೆ.

ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡುವಾಗಲೇ ಒಮ್ಮೆ ಬಂತಲ್ಲ, ಆ ರಿಪೋರ್ಟು ನೋಡಿ ನರದ ಡಾಕ್ಟರು ಖಚಿತವಾಗಿ ಹೇಳಿದರು. ಇದು ಅಪಸ್ಮಾರವಲ್ಲ, ಮೆದುಳಿನಲ್ಲಿ ದೋಷವಿಲ್ಲ. ಮನಸ್ಸಿನ ಒತ್ತಡ ಮೈಯಲ್ಲಿ ಹೀಗೆ ಹೊರಬೀಳುತ್ತದೆಯಂತೆ. ಗುಳಿಗೆಯಿಂದ ಹೋಗುವುದಲ್ಲ, ಮನಸ್ಸಿನ ಡಾಕ್ಟರಮ್ಮನ ಎದುರು ಕೂತು ಮಾತಾಡಬೇಕಂತೆ. ಬೇಕೆಂದು ಮಾಡುತ್ತಿರುವುದಲ್ಲ ಎಂದೂ ಹೇಳಿದರು, ಆದರೆ ಅಷ್ಟರಲ್ಲಿ ಇವರು ಎದ್ದು ಹೊರಟಾಗಿತ್ತು. ಲಿಫ್ಟ್ ರಿಪೇರಿ ಮಾಡುವವರಿಗೆ ಬಾಯಿ ಬಿಟ್ಟರೆ ಲಿಫ್ಟಿನದೇ ಮಾತು. “ಮೋಟಾರು ಸರಿ ಇದೆ, ವೈರು ಸರಿ ಇದೆ, ಆದ್ರೂ ಲಿಫ್ಟ್ ನಿಲ್ತಾ ಇದೆ ಅಂದ್ರೆ ನಾನು ಗಿರಾಕಿಗೆ ಏನ್ ಹೇಳ್ಬೇಕು? ನಿಮ್ಮ ಲಿಫ್ಟಿಗೆ ಮನಸ್ಸು ಸರಿ ಇಲ್ಲ ಅಂತಲಾ?” ಎಂದು ರಸ್ತೆಯುದ್ದಕ್ಕೂ ಕೂಗಾಡಿದರು. ಜನ ನಿಂತು ನೋಡಿದರು.

ಹೋದ ವರ್ಷ ಇವರ ಜೊತೆಗಾರನ ಎರಡು ಬೆರಳು ಲಿಫ್ಟಿನ ಹಗ್ಗಕ್ಕೆ ಸಿಕ್ಕಿ ಹೋದ ಮೇಲೆ ಶುರುವಾದದ್ದು ಇದು. ಕೆಳಗೆ ಸ್ವಿಚ್ಚಿನ ಹತ್ತಿರ ನಿಂತಿದ್ದವರು ಇವರು. ತಪ್ಪು ನಿನ್ನದಲ್ಲ ಎಂದು ಆ ಜೊತೆಗಾರನೇ ಹೇಳಿದರೂ ತಲೆಯಿಂದ ಹೋಗಿಲ್ಲ. ಇಷ್ಟಾದರೂ ಕೆಲಸ ಬಿಟ್ಟಿಲ್ಲ, ಕಂಪನಿಗೆ ತಿಳಿಸಿಲ್ಲ. ಆರು ಮಹಡಿಯ ಎತ್ತರದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತಿರುವಾಗ ಬಂದುಬಿಟ್ಟರೆ ಗತಿಯೇನು? ಅಂಗಡಿಗೆ ಫೋನ್ ಬಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ನಿಮ್ಮಣ್ಣ ಯಾರ ಮಾತಿಗೂ ಜಗ್ಗುವವರಲ್ಲ, ನಿನ್ನದೊಂದನ್ನು ಬಿಟ್ಟು. ಒಂದು ಸಲ ಬಂದು ಹೋಗು.

ನಿನ್ನ ಅತ್ತಿಗೆ

ಫೆಬ್ರವರಿ 23

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ಅಣ್ಣನ ಕಿವಿ ಹಿಂಡಲು ನನಗಿಂತ ಸರಿಯಾದವರು ಇಲ್ಲ, ನಿಜ. ಆದರೆ ಈಗ ಹೊರಡುವ ಹಾಗಿಲ್ಲ. ಬೇಸಿಗೆ ಶಿಬಿರಕ್ಕೆ ಮಕ್ಕಳ ದಂಡೇ ಬರುತ್ತದೆ, ಕೊಳದ ನೀರು ಬದಲಿಸಬೇಕು, ಇರುವ ಇಬ್ಬರು ಟೀಚರುಗಳಲ್ಲಿ ಒಬ್ಬರು ಹೆರಿಗೆಗೆ ಹೋಗಿದ್ದಾರೆ. ನಮ್ಮವರಿಗೂ ಆಫೀಸಿನಲ್ಲಿ ಕೆಲಸ ಕುತ್ತಿಗೆಗೆ ಬಂದಿದೆ. ಮನೆಯಲ್ಲಿ ಎಲ್ಲ ಕ್ಷೇಮ.

ನನಗೆ ತೋಚಿದ್ದು ಹೇಳುತ್ತೇನೆ. ಒತ್ತಡದಿಂದ ಬರುವುದಾದರೆ ಒತ್ತಡ ಇಲ್ಲದ ಹಾಗೆ ನೋಡಿಕೊಂಡರಾಯಿತು. ಮನೆಯನ್ನು ತಂಪಾಗಿಡಿ. ಕೆಟ್ಟ ಸುದ್ದಿ, ಜಗಳ, ಕಾಯಿಲೆಯ ಮಾತು ಯಾವುದೂ ಅವನ ಕಿವಿಗೆ ಹೋಗುವುದು ಬೇಡ. ಡಾಕ್ಟರಮ್ಮನ ಹೆಸರನ್ನೂ ಸದ್ಯಕ್ಕೆ ಎತ್ತಬೇಡಿ. ನೀವು ನಗುನಗುತ್ತಾ ಇದ್ದರೆ ಅವನೂ ದಾರಿಗೆ ಬರುತ್ತಾನೆ. ನೀರಿಗೆ ಹೆದರುವ ಮಕ್ಕಳನ್ನು ನಾನು ಸಂಭಾಳಿಸುವುದೂ ಹೀಗೆಯೇ.

ಇನ್ನು ಮೇಲೆ ಕಾಗದವನ್ನು ಈಜುಕೊಳದ ವಿಳಾಸಕ್ಕೇ ಬರೆಯಿರಿ. ಮನೆಗೆ ಬಂದ ಅಂಚೆ ಎಲ್ಲೆಲ್ಲೋ ಸೇರಿಹೋಗುತ್ತದೆ.

ನಿಮ್ಮ ಕಪ್ಪೆಮರಿ

ಮಾರ್ಚ್ 12

ಕಪ್ಪೆಮರಿಗೆ,

ನೀನು ಹೇಳಿದ ಹಾಗೆ ಮನೆಯನ್ನು ತಂಪಾಗಿಟ್ಟಿದ್ದೇನೆ. ನಮಗೆಲ್ಲ ನೆಗಡಿಯಾಗುವಷ್ಟು ತಂಪು.

ಮಗಳು ಗಣಿತದಲ್ಲಿ ಫೇಲಾದದ್ದು ಹೇಳಿಲ್ಲ. ಮನೆ ಖಾಲಿ ಮಾಡಿ ಎಂದು ಮಾಲೀಕರು ಬಂದು ಹೋದದ್ದು ಹೇಳಿಲ್ಲ. ಮೆಟ್ಟಿಲ ಮೇಲೆ ಇವರ ಬೂಟಿನ ಸದ್ದಾದ ಕೂಡಲೇ ಮಗಳು ಕೆಮ್ಮುತ್ತಾಳೆ. ಕೆಮ್ಮು ಕೇಳಿದರೆ ನಾವು ಆಡುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು ಟೊಮೇಟೊ ಬಗ್ಗೆ ಮಾತಾಡಬೇಕು. ಹಾಗಂತ ನಮ್ಮಿಬ್ಬರ ಒಪ್ಪಂದ. ಕಾಯಿ ಟೊಮೇಟೊ ಒಳ್ಳೆಯದೋ ಹಣ್ಣೋ, ಬುಟ್ಟಿಯಲ್ಲಿಟ್ಟರೆ ಕೆಡುತ್ತದೋ ಇಲ್ಲವೋ. ಮೊನ್ನೆ ಇವರು ಬಾಗಿಲಲ್ಲೇ ನಿಂತು, “ಬಂದಾಗ್ಲೆಲ್ಲ ಈ ಮನೇಲಿ ಟೊಮೇಟೊದೇ ಮಾತು. ತಟ್ಟೇಲಿ ಮಾತ್ರ ಒಂದೂ ಕಾಣ್ಲಿಲ್ಲ” ಎಂದರು. ನಾವು ನಕ್ಕೆವು. ಇವರು ನಗಲಿಲ್ಲ. ಚೀಲ ಕೆಳಗಿಟ್ಟು ಅಲ್ಲೇ ಬಿದ್ದರು.

ಬೀಳುವುದು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕೆಲಸದ ಜಾಗದಲ್ಲೂ ಬಂದಿದೆಯಂತೆ. ಬೆರಳಿಲ್ಲದ ಕೈಯಲ್ಲೇ ಜೊತೆಗಾರ ಇವರ ಬೆಲ್ಟ್ ಹಿಡಿದುಕೊಂಡು ಕೂತಿದ್ದನಂತೆ. ಅವನೇ ಅಂಗಡಿಗೆ ಬಂದು ಕಣ್ಣೀರು ಹಾಕಿಕೊಂಡು ಹೇಳಿ ಹೋದ. ಇದನ್ನೂ ಬಚ್ಚಿಡಬೇಕೇ, ಹೇಳು.

ಉಪದೇಶವನ್ನು ಲಕೋಟೆಯಲ್ಲಿ ಕಳಿಸಬಹುದು ತಾಯಿ, ಬಿದ್ದವರನ್ನು ಎತ್ತುವುದಕ್ಕೆ ಕೈ ಬೇಕು. ನಾನು ಅಂಗಡಿಯಲ್ಲಿ ನಿಂತು, ಮನೆಗೆ ಬಂದು ಬೇಯಿಸಿ, ಇವರು ಬಿದ್ದರೆ ಕೂತು, ಎದ್ದರೆ ನಗಬೇಕು. ನೀನು ಬರುವುದಿಲ್ಲ ಎಂದರೆ ಬರುವುದಿಲ್ಲ ಎನ್ನು, ಕೊಳದ ನೀರಿನ ನೆಪ ಹೇಳಬೇಡ. ನಿನ್ನ ಗಂಡ, ನಿನ್ನ ಮನೆ, ನಿನ್ನ ಸಂಸಾರ ಎಲ್ಲ ಸುಖವಾಗಿರಲಿ.

ಅತ್ತಿಗೆ

ಮಾರ್ಚ್ 20

ಅತ್ತಿಗೆ,

ಸಂಸಾರ ಸುಖವಾಗಿರಲಿ ಎಂದಿರಲ್ಲ, ಅದನ್ನು ಓದಿ ಮೊದಲು ನಗು ಬಂತು. ಆಮೇಲೆ ಅಳು ಬಂತು. ನಿಮ್ಮ ಮೇಲೆ ಸಿಟ್ಟಿಲ್ಲ.

ಆ ಸಂಸಾರ ಅಕ್ಟೋಬರಿನಲ್ಲೇ ಮುಗಿಯಿತು. ಅವರಿಗೆ ಬೇರೊಂದು ಊರಿನಲ್ಲಿ ಇನ್ನೊಂದು ಸಂಸಾರವಿತ್ತು, ಮಗುವೂ ಇದೆ. ನನಗೆ ತಿಳಿದ ದಿನ ಬಟ್ಟೆ ಗಂಟು ಕಟ್ಟಿಕೊಂಡು ಬಂದೆ. ಈಗ ಕೊಳದ ಪಂಪಿನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ನಿಮ್ಮ ಮೊದಲ ಕಾಗದವನ್ನು ಆ ಮನೆಯ ಪಕ್ಕದವರು ಇಲ್ಲಿಗೆ ತಂದುಕೊಟ್ಟರು. ಪಂಪು ಓಡುವಾಗ ನೆಲ ಅದುರುತ್ತದೆ, ಹಾಸಿಗೆಗೂ ಕ್ಲೋರಿನ್ ವಾಸನೆ. ಬಾಗಿಲಿಗೆ ಸರಿಯಾದ ಚಿಲಕವಿಲ್ಲ, ಕುರ್ಚಿ ಒತ್ತಿಟ್ಟು ಮಲಗುತ್ತೇನೆ. ಹೊಟ್ಟೆಬಟ್ಟೆಗೇನೂ ತೊಂದರೆಯಿಲ್ಲ, ನನ್ನ ಪಾಡಿಗೆ ನಾನಿದ್ದೇನೆ.

ಬರಲು ಆಗದೆ ಅಲ್ಲ ಅತ್ತಿಗೆ, ಬಂದರೆ ಅಣ್ಣ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತಾನೆ. ಆ ಮನುಷ್ಯನನ್ನು ಹುಡುಕಿದವನು ಅವನು. ಊರೆಲ್ಲ ವಿಚಾರಿಸಿ, ಅವರ ಕಟ್ಟಡದ ಲಿಫ್ಟಿನಲ್ಲಿ ಮೂರು ಸಲ ಹತ್ತಿ ಇಳಿದು, “ಒಳ್ಳೆ ಮನೆ, ಒಪ್ಕೋ” ಎಂದವನು. ಬೆರಳು ಕಳೆದುಕೊಂಡವನ ಭಾರವೇ ಅವನಿಗೆ ಸಾಕಾಗಿದೆ. ಇದನ್ನೂ ಹೊರಿಸಿದರೆ ಅವನು ಏಳುವುದೇ ಇಲ್ಲ. ದಯವಿಟ್ಟು ಹೇಳಬೇಡಿ.

ನಿಮ್ಮ ಕಪ್ಪೆಮರಿ

ಏಪ್ರಿಲ್ 15

ಪ್ರೀತಿಯ ಕಪ್ಪೆಮರಿಗೆ,

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಆಡಬಾರದ್ದನ್ನು ಆಡಿದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಗಿರಾಕಿಗಳ ಕೋಟಿನ ಜೇಬು ತಡಕುವುದೇ ನನ್ನ ಕೆಲಸ, ನನ್ನ ನಾದಿನಿಯ ಮನಸ್ಸಿನಲ್ಲಿ ಏನಿದೆ ಎಂದು ನೋಡಲಿಲ್ಲ.

ನಿಮ್ಮಣ್ಣನಿಗೆ ಹೇಳಿಲ್ಲ, ಭಯಪಡಬೇಡ. ಮಗಳಿಗೆ ಮಾತ್ರ ಹೇಳಬೇಕಾಯಿತು. ಇವರು ಬಿದ್ದಿದ್ದಾಗ ತಲೆ ಹಿಡಿದುಕೊಂಡು ಕೂತಿದ್ದೆ. ಅವಳು ಎದುರು ಕೂತು, “ಅತ್ತೆ ಯಾಕಮ್ಮ ಬರಲ್ಲ? ನಾವೆಂದ್ರೆ ಅವ್ರಿಗೆ ಬೇಜಾರಾ?” ಎಂದಳು. ನಿನ್ನನ್ನು ತಪ್ಪು ತಿಳಿಯುವುದು ಬೇಡವೆಂದು ಎಲ್ಲ ಹೇಳಿದೆ, ಆ ಕೋಣೆ, ಕುರ್ಚಿ, ಚಿಲಕವಿಲ್ಲದ ಬಾಗಿಲು ಎಲ್ಲ. ಆಮೇಲೆ ನಾನೂ ಸ್ವಲ್ಪ ಅತ್ತೆ. ಇವರಿಗೆ ಪ್ರಜ್ಞೆ ಇಲ್ಲದಾಗಲೇ ನನಗೆ ಅಳಲು ಪುರಸೊತ್ತು.

ಒಂದು ವಿಷಯ ಮಾತ್ರ ಹೊಸದು. ಮೊದಲು ದಿನಕ್ಕೊಮ್ಮೆ “ಕಪ್ಪೆಮರಿ ಸುದ್ದಿ ಏನು” ಎಂದು ಕೇಳುತ್ತಿದ್ದವರು ಈಗ ನಿನ್ನ ಹೆಸರೇ ಎತ್ತುವುದಿಲ್ಲ. ಕಾಯಿಲೆಯ ಗದ್ದಲದಲ್ಲಿ ಮರೆತಿದ್ದಾರೇನೋ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಸುಳ್ಳು ಹೇಳುವ ಕೆಲಸ ತಪ್ಪಿತು. ಡಾಕ್ಟರಮ್ಮನನ್ನು ಕಾಣಲು ನರದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮೂರನೆಯ ಸಲ ಕಸದ ಬುಟ್ಟಿಯಿಂದ ಎತ್ತಿಟ್ಟಿದ್ದೇನೆ.

ನಿನ್ನ ಅತ್ತಿಗೆ

ಏಪ್ರಿಲ್ 27

ಪ್ರೀತಿಯ ಅತ್ತಿಗೆಗೆ,

ಅಣ್ಣ ನನ್ನ ಸುದ್ದಿ ಕೇಳುವುದಿಲ್ಲ ಎಂದು ಓದಿ ಎರಡು ದಿನ ಊಟ ಸೇರಲಿಲ್ಲ. ಬೇಕಾದದ್ದೂ ಅದೇ ಆಗಿತ್ತು, ಆದರೂ ನೋವಾಯಿತು. ಬರಲೊಲ್ಲದ ತಂಗಿಯ ಮೇಲೆ ಅವನಿಗೆ ಕೋಪ ಬಂದಿರಬೇಕು. ಇರಲಿ.

ನೀವು ಕಳಿಸಿದ ಚಿಲಕ ತಲುಪಿತು. ಇಷ್ಟು ದಪ್ಪನೆಯ ಚಿಲಕ ಎಲ್ಲಿ ಸಿಕ್ಕಿತು ನಿಮಗೆ? ಜೊತೆಗೆ ಸ್ಕ್ರೂ, ತೂತು ಕೊರೆಯುವ ಸೂಜಿ, ಒಂದು ಪುಟ್ಟ ಎಣ್ಣೆಯ ಡಬ್ಬಿ. ನಿಮ್ಮ ಕಷ್ಟದ ನಡುವೆ ಇದನ್ನು ನೆನಪಿಟ್ಟುಕೊಂಡಿರಲ್ಲ, ಏನು ಹೇಳಲಿ! ಒಳಗೆ ಒಂದು ಸಾಲಾದರೂ ಬರೆದಿದ್ದರೆ ಇನ್ನೂ ಖುಷಿಯಾಗುತ್ತಿತ್ತು. ಕೊಳದ ಮೇಸ್ತ್ರಿ ಕೂರಿಸಿಕೊಟ್ಟರು, ಈಗ ಕುರ್ಚಿ ಒತ್ತದೆ ಮಲಗುತ್ತೇನೆ.

ಕಂಪನಿಗೆ ಹೇಳಿಬಿಡಿ ಅತ್ತಿಗೆ. ಕೆಲಸ ಹೋದರೆ ಹೋಗಲಿ, ಅಣ್ಣ ಇರಲಿ.

ನಿಮ್ಮ ಕಪ್ಪೆಮರಿ

ಮೇ 3

ಕಪ್ಪೆಮರಿ,

ಚಿಲಕವೇ? ನಾನು ಯಾವ ಚಿಲಕವನ್ನೂ ಕಳಿಸಿಲ್ಲ.

ನಿನ್ನ ಕಾಗದ ಓದಿದವಳು ಅರ್ಧ ಇಸ್ತ್ರಿ ಮಾಡಿದ ಪ್ಯಾಂಟನ್ನು ಹಾಗೇ ಬಿಟ್ಟು ಮನೆಗೆ ಹೋದೆ. ಇವರು ರಜೆಯಲ್ಲಿದ್ದರು, ನೆಲದ ಮೇಲೆ ಪೇಪರು ಹಾಸಿ ಸ್ಪ್ಯಾನರುಗಳನ್ನು ಒರೆಸುತ್ತಿದ್ದರು. ನಿಂತಲ್ಲಿಂದಲೇ ಕೇಳಿದೆ.

“ಕಪ್ಪೆಮರಿಗೆ ಚಿಲಕ ಕಳಿಸಿದ್ದು ನೀವಾ?”

“ಹೂಂ.”

“ಅವಳ ಬಾಗಿಲಿಗೆ ಚಿಲಕ ಇಲ್ಲ ಅಂತ ಯಾರು ಹೇಳಿದ್ರು ನಿಮಗೆ?”

“ನೀನೇ.”

“ನಾನ್ಯಾವಾಗ ಹೇಳ್ದೆ?”

“ಮಗಳಿಗೆ ಹೇಳ್ತಿದ್ದೆಯಲ್ಲ. ನಾನೂ ಅಲ್ಲೇ ಇದ್ದೆ. ನೆಲದ ಮೇಲೆ.”

ಇವರು ಸ್ಪ್ಯಾನರ್ ಒರೆಸುತ್ತಲೇ ಇದ್ದರು. ಬಿದ್ದಾಗ ಸುಮಾರು ಸಲ ಇವರಿಗೆ ಕೇಳಿಸುತ್ತದೆಯಂತೆ. ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ, ಕೆಲವು ಮಾತು ಸ್ಪಷ್ಟ, ಕೆಲವು ಇಲ್ಲ. ಕೈ ಎತ್ತಬೇಕೆಂದರೆ ಕೈ ಮಾತು ಕೇಳುವುದಿಲ್ಲ, ಬಾಯಿ ತೆರೆಯಬೇಕೆಂದರೆ ಬಾಯಿ ಇಲ್ಲ.

ನನಗೆ ಮೊದಲು ಬಂದದ್ದು ಮರುಕವಲ್ಲ, ಕೋಪ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕಿರುಚಿದೆ.

“ಬಿಟ್ಟಿದ್ರೆ ಏನಂತಿದ್ದೆ?” ಎಂದರು. “ಎಚ್ಚರ ಇತ್ತು, ಆದ್ರೂ ಒದ್ದಾಡ್ತಾ ಬಿದ್ದಿದ್ದ ಅಂದ್ರೆ ನಾಟಕ ಅಂತ ತಾನೆ? ಆ ಡಾಕ್ಟರಮ್ಮನ ಹತ್ರ ಹೋದ್ರೆ ಅವ್ರು ಕೇಳೋದೂ ಅದನ್ನೇ, ಬಿದ್ದಾಗ ಕೇಳಿಸುತ್ತಾ ಅಂತ. ಹೂಂ ಅಂದ್ರೆ ಅಲ್ಲಿಗೆ ಮುಗೀತು ನನ್ನ ಕಥೆ. ಕಾಯಿಲೆಯವನು ಅನ್ನಿಸ್ಕೋಬಹುದು ಕಣೇ, ಕಳ್ಳ ಅನ್ನಿಸ್ಕೊಳ್ಳೋಕಾಗಲ್ಲ.”

ಚೀಟಿ ಕಸದ ಬುಟ್ಟಿಗೆ ಹೋಗುತ್ತಿದ್ದದ್ದು ಇದಕ್ಕೆ. ನಾವು ಹಟ ಎಂದುಕೊಂಡೆವು.

ಒರೆಸಿದ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುತ್ತಾ ತಾವೇ ಹೇಳಿದರು. “ಮೊದ್ಲು ಜೊತೆಗಾರನ ಕೈ ನೋಡಿದಾಗ ಬರ್ತಿತ್ತು. ಈಗ ಮಗಳು ಕೆಮ್ಮಿದ್ರೆ ಸಾಕು, ಎದೆ ಹಿಡಿಯುತ್ತೆ. ಮೆಟ್ಟಿಲ ಮೇಲೆ ಇದ್ದಾಗ್ಲೇ ಗೊತ್ತಾಗುತ್ತೆ, ಒಳಗೆ ಏನೋ ಮಾತಾಡ್ತಿದ್ರು, ನಿಲ್ಲಿಸಿದ್ರು ಅಂತ. ಯಾರಿಗೋ ಏನೋ ಆಗಿದೆ, ನನಗೆ ಮಾತ್ರ ಹೇಳಲ್ಲ. ಬಾಗಿಲು ತೆಗೆದ್ರೆ ಟೊಮೇಟೊ. ನಾನು ಬಿದ್ದಾಗ ಮಾತ್ರ ಈ ಮನೇಲಿ ನಿಜ ಮಾತಾಡ್ತೀರಿ.”

ಇಷ್ಟು ತಿಂಗಳು ಬೆವರು ಸುರಿಸಿ ಕಾಪಾಡಿದ ತಂಪು ಇದು! ನಿನ್ನನ್ನೂ ದೂರುವುದಿಲ್ಲ, ಕೆಮ್ಮಿನ ಬುದ್ಧಿವಂತಿಕೆ ನನ್ನದೇ. ಇವರು ನಿನ್ನ ಸುದ್ದಿ ಎತ್ತದೆ ಇದ್ದದ್ದು ಮರೆತಿದ್ದರಿಂದಲ್ಲ. ನಾವು ಹೇಳಲಿ ಎಂದು ಕಾಯುತ್ತಿದ್ದರು.

ಮರುದಿನ ನಾನೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದೆ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಕೇಳಿಸುತ್ತದೆ, ಅದು ನಾಟಕವಲ್ಲ, ತಮಗೇನೂ ಆಶ್ಚರ್ಯವಿಲ್ಲ ಎಂದರು. ಬಂದು ಹೇಳಿದೆ. “ನೋಡೋಣ” ಎಂದರು ಇವರು. ನಿಮ್ಮಣ್ಣನ ಭಾಷೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ, ನಿನಗೆ ಗೊತ್ತು. ಸೋಮವಾರ ಮತ್ತೆ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಹೊರಟರು. ನನಗೆ ಸಾಕಾಗಿದೆ, ಇನ್ನು ನೀನೇ ಏನಾದರೂ ಹೇಳು.

ನಿನ್ನ ಅತ್ತಿಗೆ

ಮೇ 14

ಪ್ರೀತಿಯ ಅತ್ತಿಗೆಗೆ,

ಇದನ್ನು ಮನೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಅಣ್ಣ ನೆಟ್ಟಗೆ ಕೂತಿರುವಾಗ ಗಟ್ಟಿಯಾಗಿ ಓದಿ. ನಡುವೆ ಬಿದ್ದರೂ ನಿಲ್ಲಿಸಬೇಡಿ.

ಅಣ್ಣಾ, ನನ್ನ ಗಂಡ ಮೋಸ ಮಾಡಿದರು. ಹುಡುಕಿದವನು ನೀನು, ಒಪ್ಪಿದವಳು ನಾನು, ಮೋಸ ಮಾಡಿದವರು ಅವರು. ಇದರಲ್ಲಿ ನಿನ್ನ ಪಾಲು ಎಷ್ಟೋ ಅಷ್ಟನ್ನು ಮಾತ್ರ ಇಟ್ಟುಕೋ, ನನ್ನದನ್ನೂ ಅವರದನ್ನೂ ಎತ್ತಿಕೊಳ್ಳಬೇಡ. ನಾನು ಅತ್ತಿದ್ದೇನೆ, ಈಗಲೂ ಒಮ್ಮೊಮ್ಮೆ ಅಳುತ್ತೇನೆ, ಆದರೆ ಬೆಳಿಗ್ಗೆ ಎದ್ದು ಮಕ್ಕಳಿಗೆ ಉಸಿರು ಹಿಡಿಯುವುದನ್ನು ಕಲಿಸುತ್ತೇನೆ. ಕೋಣೆಯಲ್ಲಿ ನಿನ್ನ ಚಿಲಕ ಹಾಕಿಕೊಂಡು ನಿದ್ದೆ ಮಾಡುತ್ತೇನೆ. ಶಿಬಿರ ಮುಗಿದ ಮೇಲೆ ಜೂನಿನಲ್ಲಿ ಬರುತ್ತೇನೆ, ಒಂದು ವಾರ ಇರುತ್ತೇನೆ, ಮುಖ ಮುಚ್ಚಿಕೊಳ್ಳುವುದಿಲ್ಲ.

ಅಡುಗೆಮನೆಯಲ್ಲಿ ಬೀಳುವ ಅಣ್ಣ ನನಗೆ ಪರವಾಗಿಲ್ಲ. ಪಕ್ಕದಲ್ಲಿ ಕೂತು ಹರಟೆ ಹೊಡೆಯುತ್ತೇನೆ, ನಿನಗೆ ಕೇಳಿಸುತ್ತದೆಯಲ್ಲ. ಲಿಫ್ಟಿನ ಗುಂಡಿಗೆ ಬಿದ್ದ ಅಣ್ಣನ ಜೊತೆ ಯಾರು ಮಾತಾಡುವುದು? ಕಂಪನಿಗೆ ಹೇಳು. ಡಾಕ್ಟರಮ್ಮನ ಹತ್ತಿರ ಹೋಗು. ಅವರು ಕೇಳಿದರೆ ಕೇಳಿಸುತ್ತದೆ ಎನ್ನು.

ನಿನ್ನ ಕಪ್ಪೆಮರಿ

ಮೇ 28

ಪ್ರೀತಿಯ ಕಪ್ಪೆಮರಿಗೆ,

ನಿನ್ನ ಕಾಗದವನ್ನು ಊಟದ ಮೇಜಿನ ಮುಂದೆ ನಿಂತು ಶಾಲೆಯ ಹುಡುಗಿಯ ಹಾಗೆ ಓದಿದೆ. “ಮೋಸ ಮಾಡಿದವರು ಅವರು” ಎನ್ನುವಷ್ಟರಲ್ಲಿ ಇವರು ಕುರ್ಚಿಯಿಂದ ಜಾರಿದರು. ಮಗಳು ದಿಂಬು ಕೊಟ್ಟಳು. ನಾನು ನೆಲದ ಮೇಲೆ ಕೂತು ಉಳಿದದ್ದನ್ನು ಓದಿದೆ. ನಿಲ್ಲಿಸದೆ ಕೊನೆಯ ತನಕ ಓದಿದೆ. ಕಣ್ಣು ಬಿಟ್ಟ ಮೇಲೆ ಇವರ ಮೊದಲ ಮಾತು ಏನು ಗೊತ್ತೇ? “ಪಾಲು ಅಂದ್ಮೇಲೆ ನಿನ್ನ ಗಂಟಲು ಕಟ್ತು, ಸರಿಯಾಗಿ ಕೇಳಿಸ್ಲಿಲ್ಲ. ಅದೊಂದು ಸಾಲು ಇನ್ನೊಂದ್ಸಲ ಓದು.” ಓದಿದೆ.

ಕಂಪನಿಗೆ ತಾವೇ ಹೋಗಿ ಹೇಳಿದರು. ಕೆಲಸದಿಂದ ತೆಗೆಯಲಿಲ್ಲ, ಬಿಡಿಭಾಗಗಳ ಗೋದಾಮಿಗೆ ಹಾಕಿದ್ದಾರೆ. ದಿನವಿಡೀ ಬೋಲ್ಟು ನಟ್ಟು ಜೋಡಿಸಿಕೊಂಡು ಕೂರಬೇಕು. ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು, “ಲಿಫ್ಟ್ ಹತ್ತೋನ್ನ ಅಂಗಡಿಯವ್ನಾಗಿ ಮಾಡಿದ್ರಿ” ಎಂದು ಗೊಣಗುತ್ತಾರೆ. ಗೊಣಗಲಿ. ಮಗಳ ಗಣಿತದ ವಿಷಯ, ಮನೆ ಬಿಡಬೇಕಾದ ವಿಷಯ ಎಲ್ಲ ಹೇಳಿದ್ದೇವೆ. ಅವತ್ತು ದೊಡ್ಡ ಜಗಳವೇ ಆಯಿತು, ಮನೆಯವರೆಲ್ಲ ಕೂಗಾಡಿದೆವು. ಬೀಳಲಿಲ್ಲ. ಮರುದಿನ ಏನೂ ಇಲ್ಲದೆ ಬಿದ್ದರು. ಇದು ಇನ್ನೂ ಎಷ್ಟು ಕಾಲವೋ, ನಾನಂತೂ ಆಸೆಯನ್ನು ಅಳತೆ ಮಾಡಿಯೇ ಇಟ್ಟುಕೊಂಡಿದ್ದೇನೆ.

ನಿನ್ನೆ ಡಾಕ್ಟರಮ್ಮನ ಹತ್ತಿರ ಹೋದೆವು. ಮೆಟ್ಟಿಲ ಬುಡದಲ್ಲಿ ಹತ್ತು ನಿಮಿಷ ನಿಂತರು, ಅಲ್ಲಿನ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವೆಂದು ಕಾವಲುಗಾರನಿಗೆ ಪಾಠ ಹೇಳಿದರು. ಆಮೇಲೆ ಒಳಗೆ ಬಂದರು. ನಾನು ಹೊರಗೆ ಕೂರುತ್ತೇನೆ ಎಂದರೆ ಬೇಡ, ಬಾ ಎಂದರು. ಡಾಕ್ಟರಮ್ಮ ಆ ಪ್ರಶ್ನೆ ಕೇಳಿದರು. ಇವರು ಬೂಟು ನೋಡಿಕೊಂಡೇ, “ಕೇಳಿಸುತ್ತೆ” ಎಂದರು. ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡರು, ಅಷ್ಟೇ. ಜೊತೆಗಾರನ ಕೈಯ ಮಾತೂ ಸ್ವಲ್ಪ ಬಂತು. ಅದು ಇವರ ಮತ್ತು ಆ ಜೊತೆಗಾರನ ನಡುವಿನದು, ನಾನು ಬರೆಯುವುದಿಲ್ಲ.

ಹೊರಡುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, “ನೀವು ಹೇಗಿದ್ದೀರಿ?” ಎಂದು ಕೇಳಿದರು. ಒಂದು ವರ್ಷದಲ್ಲಿ ಯಾವ ಡಾಕ್ಟರೂ ನನ್ನನ್ನು ಕೇಳಿದ್ದಿಲ್ಲ. “ನಂಗೇನು, ಚೆನ್ನಾಗಿದ್ದೀನಿ” ಎಂದು ನಕ್ಕು ಚೀಲ ಎತ್ತಿಕೊಂಡೆ.

“ಇಲ್ಲ ಡಾಕ್ಟ್ರೇ,” ಎಂದರು ಇವರು. “ಇವಳಿಗೆ ತುಂಬಾ ಸುಸ್ತಾಗಿದೆ. ನಾನು ಬಿದ್ದಾಗ್ಲೆಲ್ಲ ಅಳ್ತಾಳೆ. ಸಮಾಧಾನ ಮಾಡೋಣ ಅಂದ್ರೆ ನನಗೆ ಆಗ ಕೈ ಎತ್ತೋಕೆ ಆಗಲ್ಲ.”

ಚೀಲವನ್ನು ಮತ್ತೆ ಕೆಳಗಿಟ್ಟೆ. ಇವರು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗಲೇ ಅತ್ತೆ. ಇವರ ಕೈ ನನ್ನ ಬೆನ್ನ ಮೇಲಿತ್ತು.

ನಿನ್ನ ಅತ್ತಿಗೆ